ನಾಲ್ಕು ನಳಿಕೆ, ಒಬ್ಬರ ಎಂಜಲು

ನಿವೃತ್ತಳಾಗಿ ಎರಡು ವರ್ಷವಾಯಿತು. ಈಗಲೂ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಹಳೆಯ ಪರಿಚಯದವರು ಎದುರಾದರೆ ಮೊದಲು ಬಾಯಿ ಒರೆಸಿಕೊಳ್ಳುತ್ತಾರೆ, ಆಮೇಲೆ ನಮಸ್ಕಾರ ಹೇಳುತ್ತಾರೆ. ಪಕ್ಕದಲ್ಲಿ ನಿಂತವರಿಗೆ ನನ್ನ ಪರಿಚಯವನ್ನೂ ಮಾಡಿಕೊಡುತ್ತಾರೆ: "ಇವರು ಉಗುಳು ಮೇಡಂ ಕಣ್ರಿ." ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿ, ತಲೆ ನರೆಯುವ ತನಕ ದುಡಿದು, ಕೊನೆಗೆ ನಾನು ಸಂಪಾದಿಸಿದ ಬಿರುದು ಇದು.

ನನ್ನದು ಒಂದು ವೈದ್ಯಕೀಯ ಕಾಲೇಜಿನ ಹೊಟ್ಟೆ ಮತ್ತು ಕರುಳಿನ ವಿಭಾಗದಲ್ಲಿ ಸಂಶೋಧನಾ ಸಹಾಯಕಿಯ ಕೆಲಸ. ಕರುಳಿನ ಉರಿಯೂತ ಇರುವವರ ಊರುಗಳಿಗೆ ಹೋಗಿ, ಅವರ ವಂಶವೃಕ್ಷ ಬರೆದುಕೊಂಡು, ಕಾಯಿಲೆಯವರಿಂದಲೂ ಮನೆಯ ಉಳಿದವರಿಂದಲೂ ಜೊಲ್ಲಿನ ಮಾದರಿ ಪಡೆದು ತರಬೇಕು. ಪ್ರಯೋಗಾಲಯದವರು ಅದರಿಂದ ಡಿ.ಎನ್.ಎ. ತೆಗೆದು ಓದುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರಿಬ್ಬರು ಮೊನ್ನೆ ಮನೆಗೆ ಬಂದು "ನಿಮ್ಮ ಅನುಭವ ಹೇಳಿ ಮೇಡಂ" ಅಂದರು. ಹೇಳತೊಡಗಿದೆ. ಅಡುಗೆಮನೆಯಿಂದಲೇ ನನ್ನ ಗಂಡ ಎರಡು ಸಲ ತಿದ್ದಿದರು. ಅವರು ಆ ಊರುಗಳಿಗೆ ಒಮ್ಮೆಯೂ ಕಾಲಿಟ್ಟವರಲ್ಲ. ಆದರೆ ಎರಡು ತಿದ್ದುಪಡಿಗಳೂ ಸರಿಯಾಗಿದ್ದವು; ಹಿಂದೆ ಮನೆಗೆ ಬಂದು ನಾನೇ ಹೇಳಿದ್ದನ್ನು ಅವರು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ನನ್ನ ನೆನಪು ಇನ್ನೂ ಕೆಟ್ಟುಹೋಗುವ ಮೊದಲು ಬರೆದಿಡುವುದು ಒಳ್ಳೆಯದು ಅನ್ನಿಸಿತು.

ದಿನಚರಿ ಬರೆಯುವ ಅಭ್ಯಾಸ ನನಗಿದೆ. ಅದನ್ನು ತೆರೆದು ನೋಡಿದರೆ ಬಸ್ಸು ತಡವಾದದ್ದು, ತಲೆನೋವು ಬಂದದ್ದು, ಜಗಳೂರಿನಲ್ಲಿ ತಿಂದ ಮಿರ್ಚಿ ಹಳಸಿದ್ದು ಇವೆಲ್ಲ ವಿವರವಾಗಿವೆ. ಜನ ಆಡಿದ ಮಾತು ಮಾತ್ರ ಕಡಿಮೆ. ಆದ್ದರಿಂದ ಇಲ್ಲಿ ಬರುವ ಮಾತುಗಳಲ್ಲಿ ಎಷ್ಟು ಅವರವು, ಎಷ್ಟಕ್ಕೆ ನಾನು ಈಚಿನ ವರ್ಷಗಳಲ್ಲಿ ಹೊಳಪು ಕೊಟ್ಟಿದ್ದೇನೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹೆಸರುಗಳನ್ನಂತೂ ಬೇಕೆಂದೇ ಬದಲಿಸಿದ್ದೇನೆ.

ಮೊದಲು ಕಾಯಿಲೆಯ ವಿಷಯ. ಕ್ರೋನ್ಸ್ ಎಂದು ಅದಕ್ಕೆ ಹೆಸರು. ಕರುಳಿನ ಗೋಡೆಯಲ್ಲಿ ಹುಣ್ಣಾಗುತ್ತದೆ, ಹೊಟ್ಟೆ ಹಿಂಡುತ್ತದೆ, ಭೇದಿ ನಿಲ್ಲುವುದಿಲ್ಲ, ಮೈ ಇಳಿಯುತ್ತದೆ. ತಣ್ಣಗಾಯಿತು ಅಂದುಕೊಳ್ಳುವಾಗ ಮತ್ತೆ ಕೆರಳುತ್ತದೆ. ಕರುಳಿನ ಕ್ಷಯವೂ ಮೇಲ್ನೋಟಕ್ಕೆ ಇದರಂತೆಯೇ ಇರುವುದರಿಂದ ನಮ್ಮ ಕಡೆ ಎಷ್ಟೋ ಜನ ಮೊದಲು ಕ್ಷಯದ ಮಾತ್ರೆ ನುಂಗಿ, ಗುಣ ಕಾಣದೆ, ಸುತ್ತಿ ಬಳಸಿ ನಮ್ಮ ವಿಭಾಗಕ್ಕೆ ಬರುತ್ತಿದ್ದರು. ಅದಕ್ಕೂ ಮೊದಲು ಎಲ್ಲರಿಗೂ ಇದ್ದದ್ದು ಗ್ಯಾಸ್ಟ್ರಿಕ್. ಗ್ಯಾಸ್ಟ್ರಿಕ್ ನಮ್ಮ ಕಡೆ ಬಹಳ ಮರ್ಯಾದಸ್ಥ ಕಾಯಿಲೆ. ಮದುವೆ ಮನೆಯಲ್ಲೂ ಅದರ ಬಗ್ಗೆ ಗಟ್ಟಿಯಾಗಿ ಮಾತಾಡಬಹುದು.

ನಾನು ಸೇರಿದಾಗ ಉಗುಳಿನ ಮಾತಿರಲಿಲ್ಲ. ಸೂಜಿ ಚುಚ್ಚಿ ರಕ್ತವನ್ನೇ ತೆಗೆಯುತ್ತಿದ್ದೆವು. ನಮ್ಮ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಅನ್ನುತ್ತಿದ್ದರು. ಆಳು ಗಿಡ್ಡ, ತಾಳ್ಮೆ ಇನ್ನೂ ಗಿಡ್ಡ. ಆ ಕಾಲದಲ್ಲಿ ಹೊರದೇಶದ ರೋಗಿಗಳಲ್ಲಿ ನಾಡ್-ಟೂ ಎಂಬ ಒಂದು ಜೀನಿನಲ್ಲಿ ಕೆಲವು ಬದಲಾವಣೆಗಳು ಕಂಡಿದ್ದವು. ಬ್ಯಾಕ್ಟೀರಿಯಾದ ಗೋಡೆಯ ಒಂದು ಚೂರು ಜೀವಕೋಶದೊಳಗೆ ಸಿಕ್ಕರೆ ಅದನ್ನು ಗುರುತು ಹಿಡಿಯುವುದು ಆ ಜೀನಿನ ಕೆಲಸ. ಜೀನಿನ ಅಕ್ಷರಗಳಲ್ಲಿ ಸಣ್ಣ ವ್ಯತ್ಯಾಸವಾದರೆ ಗುರುತು ಹಿಡಿಯುವ ಶಕ್ತಿ ಕುಂದುತ್ತದೆ. ಅದೇ ವ್ಯತ್ಯಾಸಗಳನ್ನು ನಮ್ಮ ಜನರಲ್ಲೂ ಹುಡುಕಿದೆವು. ಸಿಕ್ಕಿದ್ದು ಬಹಳ ಅಪರೂಪ. ದೊಡ್ಡ ಡಾಕ್ಟರು ಕೊಠಡಿಯಿಂದ ಹೊರಗೆ ಬಂದು, "ನಮ್ಮ ಜನ ಇಂಗ್ಲಿಷ್ ಪುಸ್ತಕ ಓದಿಕೊಂಡು ಕಾಯಿಲೆ ಬೀಳಲ್ಲ ನೋಡ್ರಿ" ಅಂದದ್ದು ನೆನಪಿದೆ. ನಕ್ಕರೋ ಇಲ್ಲವೋ ನೆನಪಿಲ್ಲ.

ಆಮೇಲೆ ವಿಧಾನ ಬದಲಾಯಿತು. ಒಂದೇ ಜೀನನ್ನು ಹಿಡಿದು ಜಗ್ಗುವುದು ಬಿಟ್ಟು ಇಡೀ ಡಿ.ಎನ್.ಎ.ಯಲ್ಲಿ ಲಕ್ಷಗಟ್ಟಲೆ ಜಾಗಗಳನ್ನು ಒಟ್ಟಿಗೆ ನೋಡುವ ಯಂತ್ರ ಬಂತು. ಅಪರಾಧಿ ಒಬ್ಬನಲ್ಲ, ಒಂದು ಜಾತ್ರೆಗಾಗುವಷ್ಟು ಜನ ಎಂದು ತಿಳಿಯಿತು. ನೂರಾರು ಜಾಗಗಳು, ಒಂದೊಂದರದ್ದೂ ಸಣ್ಣ ತಳ್ಳು. ಕೆಲವು ಬ್ಯಾಕ್ಟೀರಿಯಾವನ್ನು ಗುರುತಿಸುವವು, ಕೆಲವು ಜೀವಕೋಶದೊಳಗಿನ ಕಸ ಗುಡಿಸುವವು, ಕೆಲವು ಉರಿಯನ್ನು ಹೆಚ್ಚು ಕಡಿಮೆ ಮಾಡುವವು. ಇವೆಲ್ಲ ಇದ್ದೂ ಜೀವಮಾನವಿಡೀ ಆರಾಮಾಗಿರುವವರೇ ಬಹಳ. ಏನೂ ಇಲ್ಲದೆಯೂ ಕಾಯಿಲೆಯಾದವರಿದ್ದಾರೆ. ಇಷ್ಟು ತಿಳಿಯಲು ತುಂಬ ಜನರ ಡಿ.ಎನ್.ಎ. ಬೇಕು. ಸೂಜಿ ಕಂಡರೆ ಜನ ಹೊಲದ ಕಡೆ ಓಡುತ್ತಿದ್ದರು. ಹೀಗೆ ಉಗುಳಿನ ಯುಗ ಶುರುವಾಯಿತು.

ಮೇಲೆ ಆಲಿಕೆಯಂಥ ಅಗಲ ಬಾಯಿ ಇರುವ ಒಂದು ಪ್ಲಾಸ್ಟಿಕ್ ನಳಿಕೆ. ಗೆರೆಯ ತನಕ ಉಗುಳಬೇಕು. ಕೇಳಲು ಸುಲಭ. ಆದರೆ ಉಗುಳುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ನಮ್ಮ ಕಡೆ ಮನೆಗೆ ಬಂದವರಿಗೆ ಟೀ ಕೊಡದೆ ಮಾತು ಶುರುವಾಗುವುದಿಲ್ಲ, ಬಂದವರ ಜೊತೆ ಮನೆಯವರೂ ಕುಡಿಯದಿದ್ದರೆ ಮರ್ಯಾದೆಯಲ್ಲ. ಟೀ ಮುಗಿದು ಅರ್ಧ ಗಂಟೆ ಕಾಯೋಣವೆಂದರೆ ಅಷ್ಟರಲ್ಲಿ ಮಂಡಕ್ಕಿ ಒಗ್ಗರಣೆ ಬರುತ್ತದೆ. ಹೊಸಬರಿಗೆ ನನ್ನ ಸಲಹೆ ಇಷ್ಟೇ: ಟೀ ಬೇಡ ಅನ್ನಬೇಡಿ. "ಮೊದಲು ಉಗುಳು, ಆಮೇಲೆ ಟೀ, ಎರಡು ಲೋಟ" ಅನ್ನಿ. ಎರಡು ಲೋಟ ಅಂದರೆ ಒಪ್ಪುತ್ತಾರೆ.

ಚನ್ನಗಿರಿ ಕಡೆ ಸಮಸ್ಯೆ ಬೇರೆ. ತ್ಯಾವಣಿಗೆಯ ಯಜಮಾನರೊಬ್ಬರ ನಳಿಕೆ ನೋಡಿ ಪ್ರಯೋಗಾಲಯದ ಹುಡುಗಿ ಫೋನ್ ಮಾಡಿದಳು: "ಮೇಡಂ, ರಕ್ತ ತರೋದು ನಿಲ್ಲಿಸಿದೀವಲ್ವಾ?" ನಳಿಕೆ ಕೆಂಪಗಿತ್ತು. ಎಲೆಅಡಿಕೆ! ಮುಂದಿನ ಸಲ ಹೋದಾಗ ಕೇಳಿದರೆ ಯಜಮಾನರಿಗೇ ಬೇಸರವಾಯಿತು. "ನೀವು ತಿನ್ನಬ್ಯಾಡ ಅಂದ್ರಿ, ನಾನು ತಿನ್ನಲಿಲ್ಲ. ಅದು ಬೆಳಿಗ್ಗಿಂದ ಬಾಯಾಗೇ ಇತ್ತು."

ನಾನು ಹೇಳಬೇಕೆಂದಿರುವುದು ಜಗಳೂರಿನ ದಾರಿಯ ಒಂದು ಮನೆಯ ಕಥೆ. ಆ ಮನೆಯಲ್ಲಿ ನಾಲ್ಕು ಜನ. ಹಿರಿಯರು ಹನುಮಂತಪ್ಪ, ಕುರಿ ಸಾಕಣೆ, ಸ್ವಲ್ಪ ಮೆಕ್ಕೆಜೋಳ. ತಮ್ಮ ತೀರಿಹೋದ ಮೇಲೆ ತಮ್ಮನ ಹೆಂಡತಿ ಗಂಗಮ್ಮನನ್ನೂ ಅವರ ಇಬ್ಬರು ಹೆಣ್ಣುಮಕ್ಕಳನ್ನೂ ನೋಡಿಕೊಂಡವರು ಇವರೇ. ಹಿರಿಮಗಳು ಶಾರದಾ ನಮ್ಮ ರೋಗಿ. ಕ್ಷಯದ ಮಾತ್ರೆಯ ಸುತ್ತು ಮುಗಿಸಿ ನಮ್ಮಲ್ಲಿಗೆ ಬಂದಾಗ ಒಣಗಿದ ಕಡ್ಡಿಯಂತಿದ್ದಳು. ಸರಿಯಾದ ಔಷಧಿ ಶುರುವಾದ ಮೇಲೆ ಚೇತರಿಸಿಕೊಂಡು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಕಿರಿಯವಳು ಕವಿತಾ, ಜಗಳೂರಿನ ಒಂದು ಶಾಲೆಯಲ್ಲಿ ಗಣಿತದ ಟೀಚರು. ಅವಳಿಗೆ ನ್ಯಾಮತಿಯ ಒಬ್ಬ ಲೈನ್‌ಮನ್ ಜೊತೆ ಆಗಷ್ಟೇ ಮದುವೆ ಗೊತ್ತಾಗಿತ್ತು.

ವಿಭಾಗದ ಬಿಳಿ ಜೀಪಿನಲ್ಲಿ ಹೋದೆ. ಜೀಪಿನ ಬಾಗಿಲ ಮೇಲೆ ಆಸ್ಪತ್ರೆಯ ಹೆಸರು ಹೊಲದ ಆಚೆ ಬದುವಿನಿಂದಲೂ ಓದುವಷ್ಟು ದೊಡ್ಡದಾಗಿತ್ತು. ಮಾದರಿ ಕೇಳುವ ಮೊದಲು ಯಾಕೆ ಎಂದು ತಿಳಿಸಬೇಕಲ್ಲ, ಕುರಿ ಸಾಕುವ ಮನೆಯೆಂದು ಕುರಿಯ ಉದಾಹರಣೆ ಹೂಡಿದೆ. ಕರುಳೆಂದರೆ ಕುರಿಹಟ್ಟಿ. ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ, ಹೆಚ್ಚಿನವು ಸಾಧು. ಗೋಡೆಯ ಹತ್ತಿರ ಕಾವಲಿಗೆ ನಾಯಿ ಇದೆ. ನಾಯಿಯ ಮೂಗು ಸರಿ ಇಲ್ಲದಿದ್ದರೆ ಯಾರು ಬಂದರೂ ಗೊತ್ತಾಗುವುದಿಲ್ಲ. ಆ ಮೂಗು ಹೇಗಿದೆ ಅನ್ನುವುದು ಸ್ವಲ್ಪ ಮಟ್ಟಿಗೆ ಹುಟ್ಟಿನಿಂದ ಬರುತ್ತದೆ. ನನಗೇ ಬಹಳ ಚೆನ್ನಾಗಿದೆ ಅನ್ನಿಸಿತು.

ಕವಿತಾ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. "ಒಂದು ಡೌಟು ಮೇಡಂ. ನಾಯಿಗೆ ಮೂಗಿಲ್ಲ ಅಂದ್ರೆ ಬೊಗಳಲ್ಲ. ಬೊಗಳಲಿಲ್ಲ ಅಂದ್ರೆ ಹಟ್ಟಿ ಸುಮ್ನಿರಬೇಕು. ಅಕ್ಕನ ಹೊಟ್ಟೆಯಾಗೆ ಯಾಕ್ರೀ ಇಷ್ಟು ಗದ್ದಲ?"

ಹನುಮಂತಪ್ಪ ಬೀಡಿ ಆರಿಸುತ್ತ, "ಹೇಳ್ರಿ ಈಗ. ದಿನಾ ನನ್ನ ಜೀವ ಹಿಂಗೇ ತಿಂತಾಳೆ" ಅಂದರು.

 ಕೇಳಿಕೊಂಡು ಬರುತ್ತೇನೆ ಅಂದೆ. ದೊಡ್ಡ ಡಾಕ್ಟರನ್ನು ಕೇಳಿದಾಗ ಅವರು ಕನ್ನಡಕ ತೆಗೆದು, "ಇದೇ ಪ್ರಶ್ನೆಗೆ ಎಷ್ಟೋ ಜನ ವಿಜ್ಞಾನಿಗಳ ಸಂಬಳ ನಡೀತಿದೆ" ಅಂದರು. ಅವರು ವಿವರಿಸಿದ್ದು ಹೀಗೆ: ಮೂಗು ಸರಿ ಇರುವ ನಾಯಿ ವಾಸನೆ ಬಂದ ಕೂಡಲೇ ಗುರ್ ಅನ್ನುತ್ತದೆ, ಬಂದದ್ದು ಹಿಂದೆ ಸರಿಯುತ್ತದೆ, ಯಾರ ನಿದ್ದೆಯೂ ಕೆಡುವುದಿಲ್ಲ. ಕರುಳಿನ ಜೀವಕೋಶಗಳೂ ಹಾಗೆಯೇ ಬ್ಯಾಕ್ಟೀರಿಯಾ ಕೊಲ್ಲುವ ರಸವನ್ನು ಸದ್ದಿಲ್ಲದೆ ಬಿಟ್ಟು ದೂರ ಇಡುತ್ತವೆ. ಆ ಮೊದಲ ಗುರ್ ತಪ್ಪಿಹೋದರೆ ಬ್ಯಾಕ್ಟೀರಿಯಾ ಗೋಡೆಗೇ ಬಂದು ಕೂರುತ್ತದೆ. ತಡವಾಗಿ ಎದ್ದ ಉಳಿದ ರಕ್ಷಕರು ದೊಣ್ಣೆ ಹಿಡಿದು ಬಂದು ಕತ್ತಲಲ್ಲಿ ಕುರಿಗೂ ಬಾರಿಸುತ್ತಾರೆ, ಗೋಡೆಗೂ ಬಾರಿಸುತ್ತಾರೆ. ಗದ್ದಲ ನಿಲ್ಲಿಸು ಅನ್ನುವುದೂ ಆ ನಾಯಿಯ ಕೆಲಸವೇ ಇರಬಹುದು, ಆದ್ದರಿಂದ ನಿಲ್ಲಿಸುವವರೂ ಇಲ್ಲ. "ಇದೇ ಪೂರ್ತಿ ಸತ್ಯ ಅಂತ ಹೇಳಬೇಡಿ. ಈ ತನಕ ತಿಳಿದದ್ದು ಅಂತ ಹೇಳಿ" ಎಂದು ಸೇರಿಸಿದರು. ಫೋನಿನಲ್ಲಿ ಕವಿತಾಗೆ ಹೇಳಿದೆ. "ಹಂಗೆ ಹೇಳ್ರಿ ಮತ್ತೆ" ಅಂದಳು, ಉತ್ತರ ಬಚ್ಚಿಟ್ಟಿದ್ದು ನಾನೇ ಅನ್ನುವ ಹಾಗೆ.

ಉದಾಹರಣೆ ಮುಗ್ಗರಿಸಿದರೂ ಆ ದಿನ ಮಾದರಿ ಮಾತ್ರ ಸಲೀಸಾಗಿ ಸಿಕ್ಕಿತು. ಹೆಣ್ಣುಮಕ್ಕಳು ಹಿರಿಯರೆದುರು ಉಗುಳುವುದು ಹೇಗೆಂದು ನಾಚಿಕೊಂಡರು. ಸರಿ, ಒಳಗೆ ಹೋಗಿ ತುಂಬಿಸಿ ಕೊಡಿ, ಬಾಯಲ್ಲಿ ನೀರೂರದಿದ್ದರೆ ಹುಣಸೆಹಣ್ಣನ್ನು ನೆನಪಿಸಿಕೊಳ್ಳಿ ಅಂದೆ. ಒಬ್ಬೊಬ್ಬರ ನಂಬರು ಅಂಟಿಸಿದ ನಾಲ್ಕು ನಳಿಕೆಗಳನ್ನು ಹನುಮಂತಪ್ಪನವರೇ ಒಳಗೆ ಒಯ್ದರು. ನಾನು ಪಡಸಾಲೆಯಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ನಾಲ್ಕೂ ಗೆರೆಯ ಮಟ್ಟಕ್ಕೆ ತುಂಬಿ ಬಂದವು. ಇಷ್ಟು ಶಿಸ್ತಿನ ಮನೆ ಇನ್ನೊಂದಿಲ್ಲ ಎಂದು ದಿನಚರಿಯಲ್ಲಿ ಹೊಗಳಿ ಬರೆದಿದ್ದೇನೆ. ಅದು ಈಗಲೂ ಅಲ್ಲೇ ಇದೆ, ಅಳಿಸಿಲ್ಲ.

ಕೆಲವು ವಾರಗಳ ಮೇಲೆ ದೊಡ್ಡ ಡಾಕ್ಟರು ಕರೆಸಿದರು.

"ಶಾರದಾ ಗಂಡಸಾ?"

"ಇಲ್ಲ ಸರ್."

"ಕವಿತಾ?"

"ಇಲ್ಲ ಸರ್."

"ಗಂಗಮ್ಮ?"

"ಸರ್, ಏನಾಯ್ತು?"

"ಆ ಮನೇಲಿ ನಾಲ್ಕು ಜನರೂ ಒಬ್ಬನೇ ಗಂಡಸು. ತಾಯಿ, ಮಕ್ಕಳು, ದೊಡ್ಡಪ್ಪ ಎಲ್ಲಾ ಒಬ್ಬನೇ. ಇದನ್ನ ಬರೆದು ಕಳಿಸಿದ್ರೆ ನಮಗೆ ದೊಡ್ಡ ಬಹುಮಾನ ಸಿಗುತ್ತೆ. ಅಥವಾ ನಿಮಗೆ ಮೆಮೋ."

ಮತ್ತೆ ಅದೇ ಜೀಪಿನಲ್ಲಿ ಅದೇ ಮನೆಗೆ ಹೋದೆ. ಹನುಮಂತಪ್ಪನವರಿಗೆ ಮುಚ್ಚಿಡುವ ಯೋಚನೆಯೇ ಇರಲಿಲ್ಲ.

"ಹೂನ್ರಿ, ನಾನೇ ತುಂಬಿಸಿದೆ. ಹೆಣ್ಣುಮಕ್ಳು ಒಂದು ಹನಿಗೆ ಒದ್ದಾಡ್ತಿದ್ವು. ನನಗೆ ಬಾಯಾಗೆ ನೀರು ಜಾಸ್ತಿ. ನೀವು ಹುಣಸೆಹಣ್ಣು ನೆನೆಸ್ಕಳ್ರಿ ಅಂದಿದ್ರಲ್ಲ, ನಿಲ್ಲಲೇ ಇಲ್ಲ. ಇನ್ನೂ ಎರಡು ನಳಿಕೆ ಇದ್ರೂ ಆಗ್ತಿತ್ತು."

"ಅಯ್ಯೋ, ಒಬ್ಬೊಬ್ಬರದೂ ಬೇರೆ ಬೇರೆ ಬೇಕು ಹನುಮಂತಪ್ಪನವರೇ."

"ಯಾಕೆ? ರೇಷನ್ ಅಂಗಡೀಲಿ ನಾನೊಬ್ಬ ಹೆಬ್ಬೆಟ್ಟು ಒತ್ತಿದ್ರೆ ಮನೆಯೋರಿಗೆಲ್ಲ ಅಕ್ಕಿ ಕೊಡ್ತಾರೆ. ನಿಮ್ಮದ್ಯಾವುದು ಅದಕ್ಕಿಂತ ದೊಡ್ಡ ಇಲಾಖೆ?"

ಅವರ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಮೋಸವೇನೂ ಇಲ್ಲ. ಮನೆಯ ಪರವಾಗಿ ಸಾಲಿನಲ್ಲಿ ನಿಲ್ಲುವುದು, ಸಹಿ ಹಾಕುವುದು, ಬೈಸಿಕೊಳ್ಳುವುದು ಎಲ್ಲ ಅವರ ಪಾಲಿನ ಕೆಲಸ. ಉಗುಳುವುದೂ ಅದರಲ್ಲಿ ಸೇರಿತು. ಹೊಸಬರ ಕೈಪಿಡಿಯಲ್ಲಿ ಈಗ "ಪ್ರತಿಯೊಬ್ಬರದನ್ನೂ ಎದುರಿಗೇ ಪಡೆಯತಕ್ಕದ್ದು" ಎಂಬ ಸಾಲಿದೆಯಲ್ಲ, "ಎದುರಿಗೇ" ಅನ್ನುವುದು ಹನುಮಂತಪ್ಪನವರ ಕೊಡುಗೆ. ಆ ದಿನ ಅವರನ್ನು ಕುರಿಗಳ ಜೊತೆ ಹೊಲಕ್ಕೆ ಕಳಿಸಿ, ಮೂವರು ಹೆಂಗಸರನ್ನೂ ಒಬ್ಬೊಬ್ಬರಾಗಿ ಹಿತ್ತಲಲ್ಲಿ ಕೂರಿಸಿ ಮಾದರಿ ಪಡೆದೆ. ಬೇಲಿಯಾಚೆ ಅಕ್ಕಪಕ್ಕದವರು ಸಾಲಾಗಿ ನಿಂತಿದ್ದರು. ನಾವು ನಕ್ಕೆವು, ಅವರೂ ನಕ್ಕರು. ಬಹಳ ತಮಾಷೆಯ ದಿನ ಎಂದೇ ನನಗನ್ನಿಸಿತ್ತು.

ತಮಾಷೆ ಹೋದದ್ದು ಕವಿತಾಳ ಫೋನು ಬಂದಾಗ.

"ಮೇಡಂ, ಅಕ್ಕ ಮಾತ್ರೆ ಬಿಟ್ಟಾಳೆ. ನಾವು ಹೇಳಿದ್ರೆ ಕೇಳವಲ್ಲಳು. ನೀವು ಬರ್ರಿ. ಜೀಪಿನಾಗೆ ಬರಬ್ಯಾಡ್ರಿ."

ಬಸ್ಸಿನಲ್ಲಿ ಹೋದೆ. ಜಗಳೂರಿನಿಂದ ಮುಂದೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು, ಬಸ್ಸು ಇನ್ನರ್ಧದಲ್ಲಿ ಸಂಕೋಚದಿಂದ ಹೋಗುತ್ತಿತ್ತು. ಶಾರದಾ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ತಲೆ ಎತ್ತಲಿಲ್ಲ.

"ನಿಮ್ಮ ಜೀಪು ಎರಡು ಸಲ ಬಂತು ಮೇಡಂ. ಒಂದು ಸಲ ಬಂದ್ರೆ ಸರ್ವೆ ಅಂತಾರೆ. ಎರಡು ಸಲ ಬಂದ್ರೆ ಏನೋ ಸಿಕ್ಕೈತೆ ಅಂತಾರೆ. ರವಿಕೆ ಕೊಡಾಕೆ ಬಂದೋರೆಲ್ಲ ಕೇಳಿದ್ರು. ಮಾತು ನ್ಯಾಮತಿಗೂ ಹೋಗೈತೆ. ಈ ಮನೆತನದ ರಕ್ತದಾಗೇ ಐತಂತೆ, ತಂಗಿಗೂ ಬರ್ತೈತಂತೆ ಅಂತ. ಅವರು ಮದ್ವೆ ಮುಂದಕ್ಕೆ ಹಾಕಣ ಅಂತ ಹೇಳಿಕಳಿಸ್ಯಾರೆ."

"ಅದಕ್ಕೂ ನೀನು ಮಾತ್ರೆ ಬಿಡೋದಕ್ಕೂ ಏನು ಸಂಬಂಧ ಶಾರದಾ?"

"ಮಾತ್ರೆ ತಗಳ್ತಿದ್ರೆ ಕಾಯಿಲೆ ಐತೆ ಅಂತ. ಬಿಟ್ರೆ ಇಲ್ಲ ಅಂತ. ನನಗೆ ಗ್ಯಾಸ್ಟ್ರಿಕ್ ಆಗಿತ್ತು, ಹೋಯ್ತು. ಇವಳ ಮದ್ವೆ ಆಗ್ಲಿ, ಆಮ್ಯಾಲೆ ನೋಡನ."

"ಅಷ್ಟರಲ್ಲಿ ಕೆರಳಿದರೆ?"

"ಆಗ್ಲೂ ಗ್ಯಾಸ್ಟ್ರಿಕ್ಕೇ."

ಅವಳು ಯಂತ್ರ ತುಳಿಯತೊಡಗಿದಳು. ನನ್ನ ಮಾತು ಮುಗಿಯಿತು ಎಂದು ಅದರ ಅರ್ಥ. ಅವಳ ಮುಖ ಆಗಲೇ ಸ್ವಲ್ಪ ಇಳಿದಂತೆ ಕಂಡಿತು. ನಿಜಕ್ಕೂ ಇಳಿದಿತ್ತೋ, ಹೆದರಿದ್ದ ನನಗೆ ಹಾಗೆ ಕಂಡಿತೋ ಹೇಳಲಾರೆ. ಕೆರಳಿದ ಕರುಳು ಕಟ್ಟಿಕೊಂಡು ರಾತ್ರೋರಾತ್ರಿ ಆಪರೇಷನ್ನಿಗೆ ಹೋದವರನ್ನು ಮಾತ್ರ ನಾನು ನಿಜವಾಗಿಯೂ ನೋಡಿದ್ದೆ.

ದೊಡ್ಡ ಡಾಕ್ಟರಿಗೆ ಹೇಳಿದಾಗ ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. "ಅವಳ ಕಾಯಿಲೆ ಬಗ್ಗೆ ಅವಳ ಒಪ್ಪಿಗೆ ಇಲ್ಲದೆ ಬೀಗರಿಗೆ ನಾವು ಒಂದು ಮಾತೂ ಆಡೋ ಹಾಗಿಲ್ಲ. ಕವಿತಾಗೆ ಬರಲ್ಲ ಅಂತ ಬರೆದುಕೊಡೋಕೂ ಆಗಲ್ಲ. ಅಂಥ ಪರೀಕ್ಷೆ ಯಾರ ಹತ್ರಾನೂ ಇಲ್ಲ" ಅಂದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, "ನೀವು ನ್ಯಾಮತಿಗೆ ಯಾವಾಗ ಹೋಗಬೇಕು?" ಎಂದು ಕೇಳಿದರು.

ನ್ಯಾಮತಿಯ ಕೆಲಸ ಮೊದಲೇ ಗೊತ್ತಾಗಿತ್ತು. ಕಾಯಿಲೆಯವರ ಡಿ.ಎನ್.ಎ.ಯನ್ನು ಹೋಲಿಸಿ ನೋಡಲು ಅದೇ ಸೀಮೆಯ ಆರೋಗ್ಯವಂತರದ್ದೂ ಬೇಕು. ಅದಕ್ಕೆ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂದು ದಿನ ಕೂರುವುದಿತ್ತು. ಈ ಸಂಗತಿಯನ್ನು ಕವಿತಾಗೆ ನಾನೇ ಹೇಳಿದೆನೋ, ಅವಳೇ ಎಲ್ಲಿಂದಲೋ ತಿಳಿದುಕೊಂಡಳೋ? ನನಗೆ ಅನುಕೂಲವಾದ ನೆನಪು ಎರಡನೆಯದು. ಅಂತೂ ಆ ದಿನ ಮೇಜು ಹಾಕಿ ಕುಳಿತು ಸ್ವಲ್ಪ ಹೊತ್ತಾಗಿತ್ತು, ಗೇಟಿನ ಹೊರಗಿನಿಂದಲೇ ಒಂದು ದನಿ ಕೇಳಿಸಿತು: "ಆರೋಗ್ಯವಂತರು ಯಾರೋ ಬೇಕಂತಲ್ಲ, ಎಲ್ಲಿ ಕೂತಾರೆ?"

ಅದು ನಾಗರತ್ನಮ್ಮ, ಲೈನ್‌ಮನ್ನನ ತಾಯಿ. ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ, ಗಿರಣಿ ಇಲ್ಲದಲ್ಲೂ ಅದೇ ದನಿ. ಸೆರಗಿನ ಅಂಚಿಗೆ ಹಿಟ್ಟು ಮೆತ್ತಿತ್ತು. ಹಿಂದೆಯೇ ಕವಿತಾ ಬಂದಳು. ಶಾಲೆಗೆ ರಜೆ ಹಾಕಿ ಜಗಳೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು.

"ಈಕೆ ಕರೆದ್ಲು" ಅಂದರು ನಾಗರತ್ನಮ್ಮ. "ಏನಿದ್ರೂ ಮೇಡಂನೇ ಕೇಳ್ರಿ ಅಂದ್ಲು. ಕೇಳ್ತೀನಿ. ಈ ಕರುಳಿನ ಕಾಯಿಲೆ ವಂಶದಾಗೆ ಬರ್ತೈತೋ ಇಲ್ವೋ? ಸುತ್ತಿ ಬಳಸಿ ಹೇಳಬ್ಯಾಡ್ರಿ."

ಸುತ್ತಿ ಬಳಸದೆ ಹೇಳಲು ಬರುವ ವಿಷಯವೇ ಅದಲ್ಲ. ಆದರೂ ಪ್ರಯತ್ನಿಸಿದೆ. "ಕಾಯಿಲೆಯೇ ಬರೋದಿಲ್ಲ ಅಮ್ಮಾ. ಅದರ ಕಡೆ ಸ್ವಲ್ಪ ವಾಲೋ ಗುಣ ಬರಬಹುದು. ಮನೆಯಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಸಾಧ್ಯತೆ, ಅದು ನಿಜ. ಆದರೆ ಅಂಥ ಮನೆಗಳಲ್ಲೂ ಹೆಚ್ಚಿನವರಿಗೆ ಬರೋದೇ ಇಲ್ಲ. ಆ ಗುಣದ ತುಣುಕುಗಳು ಎಲ್ಲರಲ್ಲೂ ಅಷ್ಟಷ್ಟು ಇರ್ತವೆ. ನಿಮ್ಮಲ್ಲೂ ಇರಬಹುದು."

"ನನ್ನಾಗೆ? ನಾನು ಕಲ್ಲು ತಿಂದು ಕರಗಿಸ್ತೀನಿ!"

"ಅದೇ ಹೇಳ್ತಿರೋದು. ಇದ್ದೂ ಏನೂ ಆಗದವರೇ ಬಹಳ. ಯಂತ್ರ ಬಂದ ಹೊಸದರಲ್ಲಿ ನಮ್ಮ ಉಗುಳನ್ನೇ ಹಾಕಿ ನೋಡಿದ್ವಿ. ನಮ್ಮ ದೊಡ್ಡ ಡಾಕ್ಟರಲ್ಲೂ ಇವೆ, ನನ್ನಲ್ಲೂ ಇವೆ."

ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದ ಹೆಂಗಸು ಅರ್ಧ ಅಡಿ ಆಚೆ ಸರಿದಳು.

ನಾಗರತ್ನಮ್ಮ ನಳಿಕೆ ಎತ್ತಿಕೊಂಡರು. ಬಾಯಿಗೆ ಹಿಡಿದರು. ಏನೂ ಬರಲಿಲ್ಲ. ಕೆಳಗಿಳಿಸಿ ಮತ್ತೆ ಹಿಡಿದರು.

"ಹುಣಸೆಹಣ್ಣು ನೆನೆಸ್ಕಳ್ರಿ ಅತ್ತೆ" ಅಂದಳು ಕವಿತಾ.

"ಇನ್ನೂ ಅತ್ತೆ ಆಗಿಲ್ಲ ನಾನು."

"ಹಂಗಾದ್ರೆ ನಾಗರತ್ನಮ್ಮನೋರೇ, ಹುಣಸೆಹಣ್ಣು ನೆನೆಸ್ಕಳ್ರಿ."

ಮೊಗಸಾಲೆಯಲ್ಲಿದ್ದವರು ನಕ್ಕರು. ನಾಗರತ್ನಮ್ಮ ನಗಲಿಲ್ಲ. ನನ್ನ ಕಡೆ ಬಾಗಿ, ತಮ್ಮ ಪ್ರಕಾರ ಮೆಲ್ಲಗೆ, ಅಂದರೆ ಇಡೀ ಮೊಗಸಾಲೆಗೆ ಕೇಳುವ ಹಾಗೆ ಕೇಳಿದರು: "ಇದ್ರಾಗೆ ಅದು ಐತೆ ಅಂತ ಗೊತ್ತಾದ್ರೆ ಏನು ಮಾಡ್ತೀರಿ?"

"ಯಾರಿಗೂ ಹೇಳೋದಿಲ್ಲ ಅಮ್ಮಾ. ನಳಿಕೆ ಮೇಲೆ ನಂಬರು ಮಾತ್ರ ಇರುತ್ತೆ."

"ಹೇಳಿದ್ರೆ ಏನಾಗ್ತೈತೆ ಅಂತ ನಾನು ಹೇಳ್ತೀನಿ" ಅಂದಳು ಕವಿತಾ. "ನಿಮ್ಮ ಮಗನ್ನ ಯಾರೂ ಮದ್ವೆ ಆಗಲ್ಲ. ಅಷ್ಟೇ."

ಯಾರೂ ನಗಲಿಲ್ಲ. ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ. ಅದು ಪೆನ್ನಿಗೇ ಇತ್ತು.

"ನಿಮ್ಮಕ್ಕ ಮದ್ವೆಗೆ ಬರ್ತಾಳಾ?" ನಾಗರತ್ನಮ್ಮ ಕೇಳಿದರು.

"ಬರ್ತಾಳೆ. ಮಾತ್ರೆ ತಗಂಡೇ ಬರ್ತಾಳೆ. ಅವಳು ಬರಲಿಲ್ಲ ಅಂದ್ರೆ ನಾನೂ ಬರಲ್ಲ, ಛತ್ರ ನೀವೇ ಗುಡಿಸ್ಕಳ್ರಿ."

ನಾಗರತ್ನಮ್ಮ ಅವಳನ್ನೇ ದಿಟ್ಟಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿ ನಳಿಕೆಯನ್ನು ಗೆರೆ ದಾಟಿ ತುಂಬಿಸಿದರು. ಸಿಟ್ಟು ಬಂದಾಗ ಬಾಯಿ ಒಣಗುತ್ತದೆ ಎಂದು ನಾನು ಓದಿದ್ದೇನೆ. ಹಾಗಾದರೆ ಅದು ಸಿಟ್ಟಲ್ಲ. ಅಥವಾ ನಾನು ಓದಿದ್ದು ಗಿರಣಿಯವರಿಗೆ ಅನ್ವಯಿಸುವುದಿಲ್ಲ. ಮುಚ್ಚಳ ಬಿಗಿದು ಮೇಜಿನ ಮೇಲಿಟ್ಟು, ಹೂಂ ಅನ್ನದೆ ಊಹೂಂ ಅನ್ನದೆ ಹೊರಟುಹೋದರು. ಕವಿತಾ ಬೆಂಚಿನ ಮೇಲೆ ಕುಸಿದು ಕೂತಳು.  "ಜಾಸ್ತಿ ಆಯ್ತಾ ಮೇಡಂ?" ಅಂದಳು. ಆಯಿತು ಅಂತಲೇ ನನಗೂ ಅನ್ನಿಸಿತ್ತು.

ಮುಂದಿನ ಭಾಗಕ್ಕೆ ನಾನು ಸಾಕ್ಷಿಯಲ್ಲ. ಕವಿತಾ ಹೇಳಿದ್ದು ಒಂದು ಥರ, ಹನುಮಂತಪ್ಪ ಹೇಳಿದ್ದು ಇನ್ನೊಂದು ಥರ. ಇಬ್ಬರೂ ಒಪ್ಪುವ ಭಾಗ ಇಷ್ಟು: ಒಂದು ಭಾನುವಾರ ನಾಗರತ್ನಮ್ಮ ಒಬ್ಬರೇ ಬಸ್ಸಿನಲ್ಲಿ ಆ ಮನೆಗೇ ಬಂದು, ಶಾರದಾಳ ಯಂತ್ರದ ಮೇಲೆ ಹೊಸ ರವಿಕೆ ಬಟ್ಟೆಯನ್ನು ಇಟ್ಟರು. "ಮದ್ವೆಗೆ ತೊಟ್ಕಳಾಕೆ. ಅಳತೆ ತಗ. ತೋಳು ಬಿಗಿ ಮಾಡಬ್ಯಾಡ" ಅಂದರು. ಶಾರದಾ ಅಳತೆ ತೆಗೆಯುವಾಗ, "ಮಾತ್ರೆ ಬಿಟ್ಟೀಯಂತೆ. ನೀನು ಬಿದ್ಕಂಡ್ರೆ ನನ್ನ ರವಿಕೆ ಯಾರು ಹೊಲೀತಾರೆ?" ಎಂದು ಕೇಳಿದರು. ಹನುಮಂತಪ್ಪನವರ ಪ್ರಕಾರ ಇಷ್ಟಾದ ಮೇಲೆ ಶಾರದಾ ಅತ್ತಳು. ಕವಿತಾಳ ಪ್ರಕಾರ ಅತ್ತದ್ದು ಹನುಮಂತಪ್ಪ. ಆ ವಾರವೇ ಶಾರದಾ ನಮ್ಮ ವಿಭಾಗಕ್ಕೆ ಬಂದಳು. ಕರುಳು ಕೆರಳತೊಡಗಿತ್ತು, ಕೈ ಮೀರಿರಲಿಲ್ಲ. ಹಿಂದೆ ನನಗೆ ಬಯ್ಯದೆ ಉಳಿಸಿಕೊಂಡ ಬಯ್ಗುಳವನ್ನೆಲ್ಲ ದೊಡ್ಡ ಡಾಕ್ಟರು ಆ ದಿನ ಬಡ್ಡಿ ಸಮೇತ ಬಯ್ದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, ಚೀಟಿ ತೆಗೆದುಕೊಂಡು ಹೋದಳು.

ಮದುವೆ ನ್ಯಾಮತಿಯ ಛತ್ರದಲ್ಲಿ ಆಯಿತು. ನಾನೂ ಹೋಗಿದ್ದೆ, ಬಸ್ಸಿನಲ್ಲಿ. ನಾಗರತ್ನಮ್ಮ ತೋಳು ಬಿಗಿಯಿಲ್ಲದ ರವಿಕೆ ತೊಟ್ಟು ಎಲ್ಲರ ಮೇಲೂ ದರ್ಬಾರು ಮಾಡುತ್ತಿದ್ದರು. ಒಂದು ಗಳಿಗೆ ಬಿಡುವು ಸಿಕ್ಕಾಗ, ನನ್ನ ವಿವರಣೆ ಕೆಲಸ ಮಾಡಿತಲ್ಲ ಎಂಬ ಸಣ್ಣ ಹೆಮ್ಮೆಯಿಂದ, ಮನಸ್ಸು ಬದಲಾದದ್ದು ಹೇಗೆ ಎಂದು ಕೇಳಿದೆ.

"ನೀವು ಹೇಳಿದ್ದು ಅರ್ಧ ಕೇಳಿಸ್ಲಿಲ್ಲ, ಕೇಳಿಸಿದ್ದು ತಿಳೀಲಿಲ್ಲ ಮೇಡಂ" ಅಂದರು. "ಈ ಹುಡುಗಿ ಗಿರಣಿ ನಡೀವಾಗ್ಲೂ ಕೇಳೋ ಹಂಗೆ ಮಾತಾಡ್ತಾಳೆ. ನನ್ನ ಮಗಂದು ಫೋನಿನಾಗೂ ಕೇಳ್ಸಲ್ಲ. ಇವಳನ್ನ ಬಿಟ್ರೆ ಗಿರಣಿ ಯಾರು ನೋಡ್ತಾರೆ?"

ಊಟಕ್ಕೆ ನನ್ನ ಎದುರಿನ ಪಂಕ್ತಿಯಲ್ಲಿ ಶಾರದಾ ಕುಳಿತಿದ್ದಳು. ಅನ್ನ, ಮೊಸರು, ಸ್ವಲ್ಪ ಪಾಯಸ ತಿಂದಳು. ಮುಗಿದ ಮೇಲೆ ಪರ್ಸಿನಿಂದ ಮಾತ್ರೆಯ ಪಟ್ಟಿ ತೆಗೆದು ಎಲೆಯ ಪಕ್ಕದಲ್ಲೇ ಇಟ್ಟು, ನೀರು ಕೊಡ್ರಿ ಎಂದು ಕರೆದಳು. ಪಕ್ಕದಲ್ಲಿ ಕುಳಿತಿದ್ದ ನ್ಯಾಮತಿಯ ಕಡೆಯ ಹೆಂಗಸೊಬ್ಬರು ಬಾಗಿ ನೋಡಿದರು.

"ಏನವ್ವಾ ಅದು ಮಾತ್ರೆ?"

"ಕರುಳಿನ ಕಾಯಿಲೆಗೆ. ಕ್ರೋನ್ಸ್ ಅಂತ."

ನಾನು ಪಾಯಸದ ಲೋಟವನ್ನು ಹಾಗೇ ಹಿಡಿದುಕೊಂಡೆ. ಆ ಹೆಂಗಸು ಅತ್ತ ಇತ್ತ ನೋಡಿದರು. ಆಮೇಲೆ ಮಾತು ತಗ್ಗಿಸಿ, "ನನ್ನ ಸೊಸೇದೂ ಹೊಟ್ಟೆ ಹಿಂಡ್ತೈತೆ. ಇಳಿದು ಹೋಗ್ಯಾಳೆ. ಯಾರಿಗೂ ಹೇಳಿಲ್ಲ ನಾವು. ನೀನು ಯಾವ ಡಾಕ್ಟ್ರಿಗೆ ತೋರಿಸ್ತೀಯವ್ವಾ?" ಅಂದರು.

ಶಾರದಾ ಮಾತ್ರೆ ನುಂಗಿ, ಅವರ ಕಡೆಗೆ ಪೂರ್ತಿ ತಿರುಗಿ ಕುಳಿತಳು. ಯಾವ ಬಸ್ಸು ಹಿಡಿಯಬೇಕು, ಚೀಟಿ ಮಾಡಿಸುವ ಕಿಟಕಿ ಎಲ್ಲಿದೆ, ಗಿಡ್ಡ ಡಾಕ್ಟರು ಬಯ್ದರೆ ಬೇಸರ ಮಾಡಿಕೊಳ್ಳಬಾರದು, ಅದು ಅವರ ಸ್ವಭಾವ ಎಂದೆಲ್ಲ ಬೆರಳು ಮಡಚಿ ಹೇಳತೊಡಗಿದಳು. ಸಂಶೋಧನಾ ಸಹಾಯಕಿ ಎದುರಿಗೇ ಕೂತಿದ್ದೆ. ನನ್ನನ್ನು ಇಬ್ಬರೂ ಏನೂ ಕೇಳಲಿಲ್ಲ.